ಅವ್ವಗ ಅರ್ಧಾನೇ ಹೇಳಿದ್ದೆ

ಅವ್ವಾ,

ಇದನ್ನ ಅಪ್ಪನ ಕಡಿಂದ ಓದಿಸಿಕೊಳ್ಳಬ್ಯಾಡ. ಅಲ್ಲಿ ಅಂವ ನಿನ್ನ ಮಗ್ಗಲದಾಗೇ ಇರ್ತಾನಂತ ನನಗ ಗೊತ್ತದ, ಆದ್ರೂ ಕೊಡಬ್ಯಾಡ. ಬಸ್ಸಿನ ಬೋರ್ಡ್ ಸುದ್ದಾ ನನ್ನ ಕಡಿಂದ ಓದಿಸಿಕೊಳ್ಳಾಕಿ ನೀ. ಹಂಗಂತ ಅಕ್ಷರ ಬರ್ತಿರಲಿಲ್ಲ ಅಂತಲ್ಲ, ಒಂದೊಂದೇ ಕೂಡಿಸಿ ಓದಾಕ ಬರ್ತಿತ್ತು. ನಾಲ್ಕು ಮಂದಿ ಮುಂದ ತಡವರಿಸೂದು ನಾಚಿಕಿ ಅಂತ ಓದ್ತಿರಲಿಲ್ಲ, ಅಷ್ಟೇ. ಈಗ ಅಲ್ಲಿ ಯಾರ್ ನಗ್ತಾರ ಬೇ? ಎಮ್ಮಿ ಹಿಂಡೂದಿಲ್ಲ, ರೊಟ್ಟಿ ಬಡಿಯೂದಿಲ್ಲ. ಸಾವಕಾಶ ಕುಂತು ಕೂಡಿಸಿ ಓದು. ಓದಿ ಬೈಯೂದಿದ್ರ ಬೈ, ಕೇಳ್ಕೋತೇನಿ. ನಿನ್ನ ಬೈಗುಳ ಕಿವಿಗೆ ಬೀಳಲಾರದ ಹತ್ತು ತಿಂಗಳಾಯ್ತು, ನನಗೂ ಸಾಕಾಗ್ಯಾದ.

ನಾ ನಿನಗ ಸುಳ್ಳು ಹೇಳಿಲ್ಲ. ಅರ್ಧ ಹೇಳೇನಿ. ಆ ಅರ್ಧದಿಂದ ಏನೇನಾಯ್ತಂತ ಗೊತ್ತಾಗೂಕಿಂತ ಮೊದಲ ನೀ ಹೋಗಿಬಿಟ್ಟಿ. ಉಳದದ್ದು ಹೇಳಾಕ ಕುಂತೇನಿ.

ಮಹಾಂತೇಶನ ಸುದ್ದಿ ನಿನಗ ಗೊತ್ತಾದ ದಿನ ನೆನಪದ ಏನು? ನಾ ಆಳಂದ ಕಾಲೇಜಿಗೆ ಹೋಗ್ತಿದ್ದೆ. ಕಾಲೇಜಿನ ಹಿಂದ ಬೇವಿನ ಗಿಡದ ಕೆಳಗ ಅವನ ಕೂಡ ನಿಂತು ಮಾತಾಡಿದ್ದನ್ನ ಯಾರೋ ಪುಣ್ಯಾತಗಿತ್ತಿ ನಮ್ಮೂರು ಕಿಣ್ಣಿ ಸುಲ್ತಾನಕ್ಕ ಬಂದು ನಿನ್ನ ಕಿವ್ಯಾಗ ಊದಿದ್ದಳು. ನೀ ಹಿಟ್ಟಿನ ಕೈಲೇ ಎದ್ದು ಕಸಬರಗಿ ತೊಗೊಂಡಿ. ಬೆನ್ನ ಮ್ಯಾಲೆ ಬಾಸುಂಡೆ ಮೂಡೂಹಂಗ ಹೊಡದಿ. 'ಇಜ್ಜತ್ ಕಳೀತಿ ಏನ್ಬೇ, ಅಪ್ಪಿಲ್ಲದ ಮನಿ ಇದು' ಅಂದಿ. ಆರು ತಿಂಗಳಿಗೆ ಮಹಾಂತೇಶ ತನ್ನ ಸೋದರಮಾವನ ಮಗಳನ್ನ ಕಟ್ಕೊಂಡ. ಎರಡು ತಿಂಗಳು ಅತ್ತೆ ನಾ. ಅಷ್ಟು ಮನಸಿಗೆ ಹಚ್ಕೊಂಡಿದ್ದೆ ಅವನ್ನ. ಈ ಹಳೇ ಗಂಟು ಈಗ್ಯಾಕ ಬಿಚ್ಚಾಕತ್ತಾಳ ಅಂತಿ? ಮುಂದ ರೇಣುಕಾನ ಸುದ್ದಿ ಬಂದಾಗ ನೀವೆಲ್ಲಾ 'ಇಕಿಗೆ ಗಂಡಸರಂದ್ರ ಆಗಂಗಿಲ್ಲ' ಅಂದ್ರಿ. ಆಗ್ತದ ಬೇ. ಮೊದಲೂ ಆಗ್ತಿತ್ತು, ಈಗೂ ಆಗ್ತದ.

ರೇಣುಕಾ ನನಗ ಸಿಕ್ಕದ್ದು ಹೆಂಗಂತ ನಾ ನಿನಗ ಹೇಳೇ ಇಲ್ಲ. ಕಂಡಕ್ಟರ್ ಆಗಿ ವರ್ಷ ಆಗಿತ್ತು. ಗಾಣಗಾಪುರ ಹುಣ್ಣಿಮಿ, ಬಸ್ಸಿನ್ಯಾಗ ಕಾಲಿಡಾಕ ಜಾಗ ಇಲ್ಲ. ಆ ನೂಕಾಟದಾಗ ನನ್ನ ಖಾಕಿ ಅಂಗಿ ಗುಂಡಿ ಹರದು ಬಿತ್ತು. ಒಂದು ಕೈಲೇ ಎದಿ ಮುಚ್ಕೊಂಡು ಇನ್ನೊಂದು ಕೈಲೇ ಟಿಕೆಟ್ ಹರಿಯೂದು ಹೆಂಗ? ಒಬ್ಬಾಕಿ ಪರ್ಸಿನ್ಯಾಗಿಂದ ಸೂಜಿ ದಾರ ತಗದಳು. 'ನಿಂದರ್ರಿ ಮೇಡಂ, ಅಲುಗ್ಯಾಡಬ್ಯಾಡ್ರಿ, ಚುಚ್ಚಿದ್ರ ನನ್ನ ಹೆಸರು ಹೇಳಬ್ಯಾಡ್ರಿ' ಅಂತ ಓಡೂ ಬಸ್ಸಿನ್ಯಾಗೇ ಗುಂಡಿ ಹಚ್ಚಿಕೊಟ್ಟಳು. ಕಡೀಕ ದಾರ ಹಲ್ಲಿಲೇ ಕಡದಳು. ಅಷ್ಟೇ ಆದದ್ದು. ಮಹಾಂತೇಶನ್ನ ನೋಡಿದಾಗ ನನ್ನ ಎದಿಯಾಗ ಏನಾಗ್ತಿತ್ತೋ ಅದೇ ಆಯ್ತು. ಅಫಜಲಪುರ ಬರೂತನಕ ಯಾರಿಗೆ ಎಲ್ಲಿಗೆ ಟಿಕೆಟ್ ಕೊಟ್ಟೆ ಅನ್ನೂದೇ ಗೊತ್ತಾಗಲಿಲ್ಲ. ಹೆದರಿಕಿ ಆಯ್ತು ಅವ್ವಾ, ಭಾಳ ಹೆದರಿಕಿ ಆಯ್ತು.

ಆಮ್ಯಾಲೆ ನಾನೇ ನಿನ್ನ ಅಕಿ ಅಂಗಡಿಗೆ ಕರಕೊಂಡು ಹೋದೆ. ನೀ ಡ್ರೈವರ್ ಹಿಂದಿನ ಸೀಟ್ ಹಿಡದು, ಹತ್ತಿದವರಿಗೆಲ್ಲಾ 'ನನ್ನ ಮಗಳ್ರೀ ಅಕಿ, ಜರಾ ಹಾದಿ ಬಿಡ್ರಿ' ಅಂತ ಹೇಳಿಕೋತ ನನ್ನ ಮಾನ ತಗದಿದ್ದಿ ನೋಡು, ಅವತ್ತೇ. ಅಫಜಲಪುರ ಬಸ್ ಸ್ಟ್ಯಾಂಡ್ ಎದುರಿಗೆ ಅಕಿ ಟೇಲರ್ ಅಂಗಡಿ. ನಿನಗ ಎರಡು ಜಂಪರ್ ಹೊಲದುಕೊಟ್ಟಳು. ತೋಳು, ಕೊರಳು, ಎಲ್ಲಾ ಬರೋಬ್ಬರಿ. ಜನ್ಮದಾಗ ಒಬ್ಬ ಟೇಲರ್‌ನ ಹೊಗಳಿದಾಕಿ ಅಲ್ಲ ನೀ. ಅವತ್ತು ಹೊಗಳಿದಿ. 'ನನ್ನ ಮಗ ಸಿದ್ದರಾಮಂದು ಮದುವಿ ಆಗಿರದಿದ್ರ ಈ ಹುಡುಗೀನ್ನೇ ಸೊಸಿ ಮಾಡ್ಕೋತಿದ್ದೆ' ಅಂದಿ. ನಾ ಆ ಕಡೆ ಮಾರಿ ತಿರುಗಿಸಿ ನಕ್ಕೆ. ರೇಣುಕಾನೂ ನಕ್ಕಳು. ನೀನೂ ನಕ್ಕಿ, ಯಾಕಂತ ಗೊತ್ತಿಲ್ಲದ. ನಮ್ಮಿಬ್ಬರದು ಎರಡೂವರಿ ವರ್ಷ ಹಂಗೇ ನಡೀತು. ನನ್ನ ಜೀವನದಾಗ ಚಲೋ ದಿನ ಅಂದ್ರ ಅವೇ.

ನಿನ್ನ ಮಗ ಸಿದ್ದಣ್ಣ ನನ್ನ ಮೊಬೈಲ್ ನೋಡಿದ ದಿನ ಮನ್ಯಾಗ ಹೆಣ ಬಿದ್ದಂಗ ಆಗಿತ್ತು. ಅಂವ ಒಂದೊಂದೇ ಮೆಸೇಜ್ ಓದಿ ಹೇಳ್ತಿದ್ದ, ನೀ ಹಣಿ ಹಣಿ ಬಡಕೋತಿದ್ದಿ. 'ಆ ಮಹಾಂತೇಶನ ಕೂಡ ಓಡಿಹೋಗಿದ್ರೂ ಚಲೋ ಇತ್ತಲ್ಲೇ ಶಶಿ' ಅಂದಿ. ಅವನ ಸಲುವಾಗಿ ನನ್ನ ಬೆನ್ನ ಸುಲದಾಕಿ ಯಾರವ್ವಾ? ನೀನೇ ಅಲ್ಲೇನು? ಅಷ್ಟು ದುಃಖದಾಗೂ ನನಗ ನಗು ಬಂತು. ಅದನ್ನ ನೋಡಿ ಸಿದ್ದಣ್ಣ ಮತ್ತಷ್ಟು ಸಿಟ್ಟಾದ.

ಮರುದಿನ ಮುಂಜಾನೆ ನೀ ಜಳಕ ಮಾಡಿ, ಇಭೂತಿ ಹಚ್ಚಿಕೊಂಡು, ಕೊರಳಾಗಿನ ಕರಡಿಗಿ ಬಿಚ್ಚಿ ಲಿಂಗ ತಗದು ಅಂಗೈ ಮ್ಯಾಲೆ ಇಟ್ಕೊಂಡು ಪೂಜಿಗೆ ಕುಂತಿ. ಪೂಜಿ ಮುಗದ ಮ್ಯಾಲೆ ಲಿಂಗ ಒಳಗ ಇಡಲಿಲ್ಲ. ನನ್ನ ಕರದಿ. 'ಮುಟ್ಟು' ಅಂದಿ. ಮುಟ್ಟಿದೆ.

'ಖರೆ ಹೇಳು. ನಿನಗ ಗಂಡು ಬೇಕೋ ಬ್ಯಾಡೋ?'

'ಬೇಕವ್ವಾ.'

ಖರೇನೇ ಹೇಳಿದ್ದೆ. ಲಿಂಗ ಮುಟ್ಟಿ ಸುಳ್ಳು ಹೇಳೂ ಮಗಳನ್ನ ನೀ ಹಡದಿಲ್ಲ. ಆದ್ರ ನೀ ಕೇಳಿದ್ದು ಒಂದೇ ಪ್ರಶ್ನೆ. ಇನ್ನೊಂದು ಕೇಳಬೇಕಂತ ಯಾರಿಗೆ ತಾನೇ ಹೊಳೀತದ? ಗಂಡು ಬೇಕು ಅಂದ್ರ ಹೆಣ್ಣು ಬ್ಯಾಡ ಅಂತ ನೀ ತಿಳ್ಕೊಂಡಿ. ನೀ ಹಂಗ ತಿಳ್ಕೊಂಡದ್ದು ನನಗ ಗೊತ್ತಾಯ್ತು, ಗೊತ್ತಾಗಿ ಬಾಯಿ ಮುಚ್ಕೊಂಡು ಕುಂತೆ. ಅದು ನನ್ನ ತಪ್ಪು. ಬರೇ ಹೆಣ್ಣನ್ನೇ ಬಯಸಾಕಿಗೆ ಅಡಗಿ ಕುಂದರಾಕ ಜಾಗ ಇರಂಗಿಲ್ಲ. ನನಗ ಇತ್ತು. ಖರೇದ ಹಿಂದೇ ಅಡಗಿ ಕುಂತೆ ನೋಡು, ಎಂಥಾ ಶಾಣ್ಯಾ ಮಗಳು! ಅವತ್ತು ನೀ ಕಣ್ಣೀರು ಒರಸಿಕೋತ ಹೂರಣದ ಹೋಳಗಿ ಮಾಡಿದಿ. ನಾ ನಾಲ್ಕು ತಿಂದೆ.

ಮೂರನೇ ದಿನಕ್ಕ ನೀ ನನ್ನ ಬಸ್ ತಪ್ಪಿಸಿ ಬ್ಯಾರೆ ಬಸ್ಸಿಗೆ ಒಬ್ಬಾಕಿನೇ ಅಫಜಲಪುರಕ್ಕ ಹೋದಿ. ಜಗಳಾ ಮಾಡಲಿಲ್ಲಂತ, ಆಮ್ಯಾಲೆ ನೀನೇ ಹೇಳಿದಿ. ಅಕಿ ಅಂಗಡ್ಯಾಗ ನಿಂತು, 'ತಂಗಿ, ನನ್ನ ಮಗಳು ಲಿಂಗ ಮುಟ್ಟಿ ಹೇಳ್ಯಾಳ, ಅಕಿಗೆ ಗಂಡು ಬೇಕಂತ. ಇನ್ನ ಅಕಿನ್ನ ಬಿಟ್ಟುಬಿಡವ್ವ' ಅಂತ ಕೈ ಮುಗದು ಬಂದಿದ್ದಿ. ನೀ ಹೊಡದಿದ್ರ, ಬೈದಿದ್ರ ರೇಣುಕಾ ತಡಕೋತಿದ್ದಳು. ಕೈ ಮುಗದದ್ದು ತಡಕೊಳ್ಳಾಕ ಆಗಲಿಲ್ಲ ಅಕಿಗೆ. ಮರುದಿನ ಸ್ಟ್ಯಾಂಡಿನ್ಯಾಗ ನಾ ಬಸ್ಸಿಂದ ಇಳಿಯೂದಕ್ಕೇ ಬಂದು ನಿಂತಳು.

'ಖರೇ ಏನು, ನೀ ಹಂಗ ಹೇಳಿದ್ದು?'

'ಖರೆ. ಆದ್ರ ಅದಷ್ಟೇ ಅಲ್ಲ...'

'ಆದ್ರ ಗೀದ್ರ ಬ್ಯಾಡ ಶಶಿ. ಒಂದಿನ ನೀ ಆ ಕಡೆ ಹೋಗ್ತಿ ಅಂತ ನನಗ ಮೊದಲೇ ಗೊತ್ತಿತ್ತು. ನಿನಗ ಹೋಗಾಕ ಜಾಗ ಅದ. ನನಗೆಲ್ಲದ?'

ಡ್ರೈವರ್ ಹಾರ್ನ್ ಹೊಡೀಲಾಕತ್ತಿದ್ದ. ನಾ ಹತ್ತಿದೆ. ಆಮ್ಯಾಲೆ ಅಕಿ ನನ್ನ ಬಸ್ ಬಂದ್ರ ಹತ್ತತಿರಲಿಲ್ಲ. ಮುಂದಿನ ಬಸ್ಸಿಗೆ ಒಂದೂವರಿ ತಾಸು. ಬಿಸಲಾಗ ಹಂಗೇ ನಿಂತಿರ್ತಿದ್ದಳು, ಆದ್ರ ಹತ್ತತಿರಲಿಲ್ಲ.

ಕೊಳಕೂರದ ವರನ ಸುದ್ದಿ ಈಗ ಹೇಳ್ತೇನಿ. ಬಂಗಾರ ಸಾಲಲಿಲ್ಲಂತ ಅವರು ಮುರದ್ರು ಅಂತ ನೀ ಸಾಯೂತನಕ ಆ ಮನಿತನಕ್ಕ ಶಾಪ ಹಾಕಿದಿ. ಅವರು ಮುರದಿಲ್ಲ ಬೇ, ನಾ ಮುರದದ್ದು. ವೀರೇಶ ಕನ್ಯಾ ನೋಡಾಕ ಬಂದಾಗ ನಾ ಮಾರಿ ಗಂಟ ಹಾಕ್ಕೊಂಡೇ ಉಪ್ಪಿಟ್ಟು ತಂದಿಟ್ಟಿದ್ದೆ. ಆದ್ರ ಮನಶಾ ಚಲೋ ಅನಿಸಿದ. ಜೇವರ್ಗ್ಯಾಗ ಗೊಬ್ಬರದ ಅಂಗಡಿ ಇತ್ತು, ದಿನಾ ಮಧ್ಯಾಹ್ನ ಫೋನ್ ಮಾಡಿ 'ಉಂಡ್ರ್ಯಾ?' ಅಂತ ಕೇಳ್ತಿದ್ದ. ಒಂದು ತಿಂಗಳಿಗೆ ನನಗ ಅವನ ಫೋನಿನ ಹಾದಿ ಕಾಯೂ ಚಟ ಹತ್ತಿತ್ತು. ಹೌದು, ಅವನ ಮ್ಯಾಲೂ ಮನಸಾಯ್ತು. ನೀ ನಂಬು, ಬಿಡು. ರೇಣುಕಾನ ಸಲುವಾಗಿ ಅತ್ತು ಅದೇ ಕಣ್ಣಾಗ ಅವನ ಸಲುವಾಗಿ ಕಾಡಗಿ ಹಚ್ಕೋತಿದ್ದೆ.

ಅದಕ್ಕೇ ಮೋಸ ಮಾಡಬಾರದು ಅನಿಸ್ತು. ನಿನಗ ಅರ್ಧ ಹೇಳಿ ಹೈರಾಣಾಗಿದ್ದೆ, ಅವನಿಗರೆ ಪೂರಾ ಹೇಳೋಣು ಅಂತ ಜೇವರ್ಗಿ ಸ್ಟ್ಯಾಂಡಿನ ಕ್ಯಾಂಟೀನಿಗೆ ಕರದೆ. ಹೇಳಿದೆ. ಹೆಸರು ಹೇಳಲಿಲ್ಲ, ಹಕೀಕತ್ ಹೇಳಿದೆ. ಅಂವ ಚಹಾದ ಕಪ್ ಬಾಜೂಕ ಸರಿಸಿದ. ಎದ್ದು ಹೋಗ್ತಾನ, ಬೈತಾನ, ಇಲ್ಲಾ ಅಳ್ತಾನ ಅಂದ್ಕೊಂಡೆ. ಅಂವ ನಕ್ಕ ಅವ್ವಾ. 'ಅದಕ್ಕೇನಾಯ್ತ್ರಿ? ಮದುವಿ ಆದಮ್ಯಾಲೆ ಅಕಿನ್ನೂ ಕರಕೊಂಡು ಬರ್ರಿ. ನಂದೇನ್ ತಕರಾರಿಲ್ಲ' ಅಂದು ಕಣ್ಣ ಹೊಡದ. ನಿನ್ನಿತನಕ 'ಉಂಡ್ರ್ಯಾ' ಅಂತ ಕೇಳಿದ ಬಾಯದು. ನಾ ಎದ್ದು ಬಂದೆ. ಮನಿಗೆ ಬಂದು ಅವನಿಗೇ ಫೋನ್ ಮಾಡಿ 'ಈ ಮದುವಿ ಬ್ಯಾಡ' ಅಂದೆ, ನಿನಗ ಹೇಳಲಿಲ್ಲ. ಅವನ ಮನಿಯವರು ಬಂಗಾರದ ನೆವ ಹೇಳಿ ತಮ್ಮ ಮಾನ ಉಳಿಸಿಕೊಂಡ್ರು. ಹದಿನೈದು ದಿನದಾಗ ಜೇವರ್ಗಿ ಸ್ಟ್ಯಾಂಡಿನ ಹುಡುಗರು ನನ್ನ ಬಸ್ ನೋಡಿ 'ಡಬಲ್ ಟಿಕೆಟ್ ಬಂತ್ರೋ' ಅಂತ ಒದರಾಕ ಹತ್ತಿದ್ರು. ಈಗೂ ಒದರ್ತಾರ. ಮೊದಮೊದಲು ಇಳದು ಬೈತಿದ್ದೆ. ಈಗ ಬಿಟ್ಟೇನಿ, ಬಸ್ ಲೇಟ್ ಆಗ್ತದ.

ದವಾಖಾನ್ಯಾಗ ನಿನ್ನ ಕಡೀ ದಿನಗಳು. ದವಾಖಾನಿ ಅಂಗಿ ಹಾಕ್ಕೊಳ್ಳಂಗಿಲ್ಲಂತ ಹಟ ಹಿಡದು ನಿನ್ನ ಜಂಪರ್ ತೊಟ್ಟೇ ಮಲಗಿದ್ದಿ. ಸಲೈನ್ ಹತ್ತಿ ಕೈ ಬಾತಿತ್ತು. ಸಿದ್ದಣ್ಣ ಔಷಧ ತರಾಕ ಹೋಗಿದ್ದ. ಇದೇ ವ್ಯಾಳ್ಯಾ ಅಂತ ನಾ ಖುರ್ಚಿ ಸಮೀಪ ಎಳಕೊಂಡು, 'ಅವ್ವಾ, ಅವತ್ತು ಲಿಂಗ ಮುಟ್ಟಿ ಹೇಳಿದ್ನಲ್ಲಾ, ಅದು...' ಅಂದೆ. ನೀ ಕಣ್ಣ ಮುಚ್ಕೊಂಡೇ ಅಂದಿ, 'ರೇಣುಕಾ ಹೊಲದ ಜಂಪರ್ ತೋಳು ಬಿಗಿಯಾಗ್ಯಾದ. ಅಕಿಗೇ ಕೊಟ್ಟು ಬಿಚ್ಚಿಸಿಕೊಂಡು ಬಾ.' ವರ್ಷದ ಮ್ಯಾಲೆ ಆಗಿತ್ತು ಆ ಹೆಸರು ನಿನ್ನ ಬಾಯಾಗ ಬಂದು. ಮುಂದ ಏನಾದ್ರೂ ಅಂತಿ ಅಂತ ನಾ ಕಿವಿ ನಿನ್ನ ಬಾಯಿ ಸಮೀಪ ತಂದೆ. ನೀ ನಿದ್ದಿ ಹೋದಿ. ಕೈ ಬಾತಿತ್ತು, ತೋಳು ಬಿಗಿಯಾಗಿತ್ತು, ಅದಕ್ಕೇ ಅಂದ್ಯೋ? ಇಲ್ಲಾ ಮತ್ತ... ನಾ ಎಷ್ಟು ಸಲ ಆ ಮಾತು ತಿರುವಿ ಹಾಕೇನಿ, ನಿನಗ ಗೊತ್ತಿಲ್ಲ. ಎರಡನೇ ದಿನಕ್ಕ ನೀ ಹೋದಿ.

ಹೊಲದಾಗ ಮಣ್ಣು ಕೊಡೂಕಿಂತ ಮೊದಲ ಅಯ್ಯನವರು ನಿನ್ನ ಎಡಗೈಯಾಗ ಲಿಂಗ ಇಟ್ಟು ಬೆರಳು ಮಡಚಿದ್ರು. ನಾ ಮುಟ್ಟಿದ ಲಿಂಗ. ಅದು ನಿನ್ನ ಕೂಡ ಒಳಗ ಹೋಗೂದು ನೋಡಿ ನಾ ಒದರಿದೆ. ಅವ್ವ ಹೋದ ದುಃಖಕ್ಕ ಒದರಿದಳು ಅಂತ ಹೆಣ್ಮಕ್ಕಳು ನನ್ನ ಹಿಡಕೊಂಡ್ರು. ದುಃಖಾನೂ ಇತ್ತು, ಇಲ್ಲಂತಲ್ಲ.

ಈಗ ನಿನಗ ಗೊತ್ತಿಲ್ಲದ ಸುದ್ದಿ. ನೀ ರೇಣುಕಾನ ಅಂಗಡ್ಯಾಗ ಕೈ ಮುಗದು ನಿಂತಾಗ, ಪಡದೆ ಹಿಂದ ಅಕಿ ಅಣ್ಣ ಇಸ್ತ್ರಿ ಮಾಡಾಕತ್ತಿದ್ದ. ಎಲ್ಲಾ ಕೇಳಿದ. ಬಾಜೂ ಅಂಗಡಿ ಬಳಿಗಾರ್ತಿ ಎರಡು ತಿಂಗಳ ಹಿಂದ ನನಗ ಹೇಳಿದಳು. ಅಂಗಡಿ ಬಾಗಿಲಾ ಹಾಕಿದ್ದು ನಾನೂ ನೋಡಿದ್ದೆ, ಅಕಿ ಮನಿಯವರೇ ಮುಚ್ಚಿಸಿದ್ರಂತ ಆಗ ಗೊತ್ತಾಯ್ತು. ನೀ ದವಾಖಾನ್ಯಾಗಿದ್ದಾಗೇ ಅಕಿ ಮದುವಿ ಮಾಡಿಬಿಟ್ರಂತ. ಅಕಿ ಎಂದೂ ಗಂಡಸನ್ನ ಬಯಸಿದಾಕಿ ಅಲ್ಲ ಅವ್ವಾ, ಒಂದು ದಿನಾನೂ ಅಲ್ಲ. ಬ್ಯಾಡ ಅಂದಾಕಿಗೆ ಕಟ್ಟಿದ್ರು. ನೀ ಹೋಗಿ ಆ ಮಾತು ಆಡದಿದ್ರ, ನಾ ನಿನಗ ಪೂರಾ ಹೇಳಿದ್ರ... ನಿನ್ನ ಮ್ಯಾಲೆ ಸಿಟ್ಟು ಬರ್ತದ. ಆಮ್ಯಾಲೆ ನಿನಗ ಆ ಮಾತು ಕೊಟ್ಟು ಕಳಿಸಿದಾಕಿ ನಾನೇ ಅಲ್ಲೇನು ಅನಿಸ್ತದ.

ಹೋದ ತಿಂಗಳು ಅಕಿ ನನ್ನ ಬಸ್ ಹತ್ತಿದಳು, ಗಂಡನ ಕೂಡ. ಅಂವ ಕಿಡಕಿ ಕಡೆ ಕುಂತು 'ಜೇವರ್ಗಿ ಎರಡು' ಅಂದ. ಹೆಣ್ಮಕ್ಕಳಿಗೆ ಫ್ರೀ, ಆದ್ರ ಕಾರ್ಡ್ ನೋಡಬೇಕಲ್ಲ. 'ಆಧಾರ್ ತೋರಿಸ್ರಿ' ಅಂದೆ. ಎರಡೂವರಿ ವರ್ಷ 'ಲೇ ರೇಣಿ' ಅಂತ ಕರದಾಕಿಗೆ 'ತೋರಿಸ್ರಿ' ಅಂದೆ. ಅಕಿ ತೋರಿಸಿದಳು. ಬೆರಳು ಮೆತ್ತಗಾಗ್ಯಾವ, ಸೂಜಿ ಚುಚ್ಚಿದ ಗುರ್ತು ಒಂದೂ ಇಲ್ಲ. ಟಿಕೆಟ್ ತೊಗೋತ ಸಣ್ಣ ದನ್ಯಾಗ ಕೇಳಿದಳು, 'ಅವ್ವ ಹೆಂಗಿದ್ದಾರ್ರೀ?'

'ಹೋದಳ್ರೀ. ಒಂಬತ್ತು ತಿಂಗಳಾಯ್ತು.'

ಅಕಿ ಕಣ್ಣಾಗ ದಳದಳ ನೀರು ಬಂದ್ವು. ನಿನ್ನ ಸಲುವಾಗಿ ಬೇ! ಯಾರ ಬಾಳ್ವೆ ನಾವಿಬ್ಬರೂ ಕೂಡಿ ಹಾಳ ಮಾಡೇವೋ ಅಕಿ ನಿನ್ನ ಸಲುವಾಗಿ ಅತ್ತಳು. ಗಂಡ 'ಯಾರವರು?' ಅಂದ. 'ಇವರವ್ವ ನನ್ನ ಗಿರಾಕಿ ಇದ್ರು' ಅಂದಳು. ನಾ ಹಿಂದಿನ ಸೀಟಿನ ಕಡೆ ಹೋದೆ.

ಅವತ್ತೇ ಠರಾಯಿಸಿದೆ, ಇನ್ನ ಯಾರ ಮುಂದೂ ಅರ್ಧ ಹೇಳಂಗಿಲ್ಲ. ಆದಿತ್ಯವಾರ ಮುಂಜಾನೆ ಸಿದ್ದಣ್ಣ ಅಫಜಲಪುರದ ಒಂದು ಸಂಬಂಧ ತಂದು ಮುಂದಿಟ್ಟ, ಸಾಲಿ ಮಾಸ್ತರ್ ಅಂತ. 'ಅವ್ವನ ಲಿಂಗ ಮುಟ್ಟಿ ಗಂಡು ಬೇಕಂದಾಕಿ ನೀ, ಇನ್ನೇನು ತಡ?' ಅಂದ. ಕುಂದರಿಸಿ ಎಲ್ಲಾ ಹೇಳಿದೆ. ಗಂಡೂ ಬೇಕು ಅನಿಸ್ತದ ಅಣ್ಣ, ಹೆಣ್ಣೂ ಬೇಕು ಅನಿಸ್ತದ. ಎರಡೂ ಖರೆ. ಯಾವಾಗ ಯಾರ ಮ್ಯಾಲೆ ಮನಸಾಗ್ತದ ಅನ್ನೂದು ನನ್ನ ಕೈಯಾಗಿಲ್ಲ, ಮನಸಾದವರ ಕೂಡ ನಿಯತ್ತಿಲೇ ಇರೂದು ಅಷ್ಟೇ ನನ್ನ ಕೈಯಾಗದ. ಹಿಂಗೇ ಹೇಳಿದೆ, ಒಂದಕ್ಷರ ಬಿಡಲಿಲ್ಲ.

ಅಂವ ಹೊಡೀತಾನ ಅಂದ್ಕೊಂಡಿದ್ದೆ. ಹೊಡೀಲಿಲ್ಲ. 'ಎರಡರಾಗ ಒಂದು ಆರಿಸಿಕೊಳ್ಳಾಕ ಬರ್ತದ ಅಂದ್ರ ಗಂಡು ಆರಿಸಿಕೊಳ್ಳಾಕ ನಿನಗೇನ್ ರೋಗ?' ಅಂದ. ಆರಿಸೂದಲ್ಲ ಅಣ್ಣ ಅದು, ಅಂದೆ. ಆಮ್ಯಾಲೆ ಕೇಳಿದ, ದನಿ ಅಪ್ಪಂದೇ:

'ಅವ್ವಗ ಗೊತ್ತಿತ್ತೇನು? ಒಂದೇ ಮಾತು ಹೇಳು ಶಶಿ. ಅವ್ವ ತಿಳದೂ ಸುಮ್ಮನಿದ್ದಳು ಅಂದ್ರ ನಾನೂ ಸುಮ್ಮನಿರ್ತೇನಿ.'

ನೋಡವ್ವಾ, ಹಾದಿ ಎಷ್ಟು ಸಸಾರ ಇತ್ತು. 'ಹೂಂ' ಅಂದಿದ್ರ ಸಾಕಿತ್ತು. ದವಾಖಾನ್ಯಾಗ ನೀ ಆಡಿದ ಮಾತು ಹೇಳಿ, ಕಣ್ಣ ಒರಸಿಕೊಂಡು, 'ಅವ್ವಗ ಗೊತ್ತಿತ್ತು' ಅಂದಿದ್ರ ಮನಿ ಉಳೀತಿತ್ತು, ಅಣ್ಣ ಉಳೀತಿದ್ದ. ನಾಲಿಗಿ ತುದಿತನಕ ಬಂದಿತ್ತು. ಆದ್ರ ನನಗ ಖರೇ ಗೊತ್ತಿಲ್ಲಲ್ಲ ಬೇ. ನಿನ್ನ ಬಾಯಾಗ ನಾ ಹೆಂಗ ಮಾತು ಇಡಲಿ? ಬದುಕಿದ್ದಾಗ ನಿನಗ ಅರ್ಧ ಹೇಳಿ ಮೋಸ ಮಾಡಿದೆ, ಸತ್ತ ಮ್ಯಾಲೂ ಮಾಡಲೇನು?

'ಗೊತ್ತಿಲ್ಲ ಅಣ್ಣ' ಅಂದೆ.

ಅಂವ ಎದ್ದು ನನ್ನ ಬ್ಯಾಗ್ ತಂದು ಕಟ್ಟಿ ಮ್ಯಾಲೆ ಇಟ್ಟ. ನಿನ್ನ ವರ್ಷದ ಕಾರ್ಯಕ್ಕ ಬರಬ್ಯಾಡ, ಹೊಲದಾಗ ಕಾಲಿಡಬ್ಯಾಡ ಅಂದ. ಆಳಂದದಾಗ ಡಿಪೋ ಹಿಂದ ಒಂದು ಖೋಲಿ ಹಿಡದೇನಿ. ಒಬ್ಬಾಕಿಗೇ ಎರಡು ರೊಟ್ಟಿ ಬಡೀತೇನಿ, ಪುಂಡಿಪಲ್ಯ ನಿನ್ನಂಗ ಆಗಂಗಿಲ್ಲ. ಯಾರೂ ಇಲ್ಲ ಅವ್ವಾ. ರೇಣುಕಾ ಇಲ್ಲ, ವೀರೇಶನಂಥವರು ಬ್ಯಾಡ, ಮನಿ ಇಲ್ಲ. ಮುಂದ ಯಾರರೆ ಸಿಕ್ಕಾರು ಅನ್ನೂ ಆಸೆ ಇದ್ರ ಅದ, ಇಲ್ಲಂದ್ರ ಇಲ್ಲ.

ಇನ್ನೆರಡು ತಿಂಗಳಿಗೆ ನಿನ್ನ ವರ್ಷ. ನಾ ಬರಂಗಿಲ್ಲ. ಮಂದಿ ಹೋದಮ್ಯಾಲೆ ಕದ್ದು ಬಂದು ಪತ್ರಿ ಏರಿಸಿ ಹೋಗಬಹುದು, ಅದೂ ಮಾಡಂಗಿಲ್ಲ. ಕದ್ದು ಇರೂದು ಸಾಕಾಗ್ಯಾದ. ಸಿದ್ದಣ್ಣ ಕರದ ದಿನ ಬರ್ತೇನಿ, ಎಲ್ಲರ ಕಣ್ಣ ಮುಂದ, ಹಗಲಾಗ, ಇದ್ದಂಗ ಬರ್ತೇನಿ. ಕರೀತಾನೋ ಇಲ್ಲೋ, ಐದು ವರ್ಷಕ್ಕೋ ಹತ್ತು ವರ್ಷಕ್ಕೋ... ಬ್ಯಾರೇ ಮಂದಿ ಸತ್ತವರನ್ನ ಮಲಗಿಸಿ ಬರ್ತಾರ. ನಮ್ಮವರು ನಿನ್ನ ಕುಂದರಿಸಿ ಬಂದಾರ. ಜರಾ ಹಾದಿ ನೋಡಿಕೋತ ಕುಂತಿರು ಅವ್ವಾ.

ನಿನ್ನ
ಶಶಿ